ಕೆಟಲ್ ಮುಚ್ಚಳ ಕುಣಿದದ್ದಕ್ಕೇ ಸ್ಟೀಮ್ ಎಂಜಿನ್ ಹುಟ್ಟಿತೇ? ಜೇಮ್ಸ್ ವಾಟ್ ನಿಜವಾಗಿ ಹೆಣಗಿದ್ದು ಸೋರಿಕೆಯ ಜೊತೆ

ಒಬ್ಬ ಹುಡುಗ ಅಡುಗೆಮನೆಯಲ್ಲಿ ಕೂತಿದ್ದಾನೆ. ಒಲೆಯ ಮೇಲೆ ಕೆಟಲ್‌ನಲ್ಲಿ ನೀರು ಕುದಿಯುತ್ತಿದೆ. ಉಗಿ ಮುಚ್ಚಳವನ್ನು ಎತ್ತಿ ಎತ್ತಿ ಹಾಕುತ್ತಿದೆ. ಹುಡುಗನಿಗೆ ಥಟ್ಟನೆ ಹೊಳೆಯುತ್ತದೆ, ಇಷ್ಟು ಶಕ್ತಿ ಇರುವ ಉಗಿಯಿಂದ ಯಂತ್ರವನ್ನೇ ಓಡಿಸಬಹುದಲ್ಲ ಎಂದು. ಮುಂದೆ ಅವನೇ ಸ್ಟೀಮ್ ಎಂಜಿನ್ ಕಂಡುಹಿಡಿದ ಜೇಮ್ಸ್ ವಾಟ್ ಆಗುತ್ತಾನೆ.

ಈ ಕಥೆಯನ್ನು ಶಾಲೆಯಲ್ಲಿ ಕೇಳದವರು ಕಡಿಮೆ. ಮಕ್ಕಳ ಕುತೂಹಲವನ್ನು ಹೊಗಳುವ ಸಂದೇಶಗಳಲ್ಲಿ ಇಂದಿಗೂ ಇದು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಲೇ ಇದೆ. ಕಥೆ ಚೆನ್ನಾಗಿದೆ, ನಿಜ. ಆದರೆ ಇದರಲ್ಲಿ ಎರಡು ದೊಡ್ಡ ತಪ್ಪುಗಳಿವೆ. ಜೊತೆಗೆ, ವಾಟ್‌ನ ಬದುಕಿನ ಹನ್ನೊಂದು ವರ್ಷಗಳ ಪರದಾಟವನ್ನು ಇದು ಪೂರ್ತಿಯಾಗಿ ಮರೆಸಿಬಿಡುತ್ತದೆ. ಆ ಪರದಾಟ ಯಾವುದರ ಜೊತೆ ಗೊತ್ತೇ? ಒಂದು ಸಂದಿಯ ಜೊತೆ. ಪಿಸ್ಟನ್‌ಗೂ ಸಿಲಿಂಡರ್‌ಗೂ ನಡುವೆ ಉಳಿಯುವ ಸಣ್ಣ ಸಂದಿಯಲ್ಲಿ ಏನು ತುರುಕಿದರೆ ಉಗಿ ಸೋರುವುದಿಲ್ಲ ಎಂಬ ಪ್ರಶ್ನೆಯ ಜೊತೆ.

ನಿಮ್ಮ ತೋಟದ ಪಂಪಿನ ಗ್ಲ್ಯಾಂಡ್, ಮನೆಯ ಗೇಟ್ ವಾಲ್ವ್, ಬೈಕಿನ ಪಿಸ್ಟನ್ ರಿಂಗ್, ಕುಕ್ಕರಿನ ಗ್ಯಾಸ್ಕೆಟ್ ಎಲ್ಲವೂ ಇದೇ ಪ್ರಶ್ನೆಗೆ ಸಿಕ್ಕ ಬೇರೆ ಬೇರೆ ಉತ್ತರಗಳು. ಹಾಗಾಗಿ ವಾಟ್‌ನ ಬದುಕನ್ನು ಈ ಸಲ ಕೆಟಲ್ ಕಡೆಯಿಂದ ಬಿಟ್ಟು ಪ್ಯಾಕಿಂಗ್ ಕಡೆಯಿಂದ ನೋಡೋಣ. ಕೊನೆಯಲ್ಲಿ ಪಂಪಿಗೆ ಪ್ಯಾಕಿಂಗ್ ಹಾಕುವಾಗ ಇಂದಿಗೂ ನಡೆಯುವ ಒಂದು ತಪ್ಪಿನ ಬಗ್ಗೆಯೂ ಹೇಳುತ್ತೇವೆ.

ಮೊದಲು ಎರಡು ತಪ್ಪುಗಳು

ಮೊದಲನೆಯದು: ವಾಟ್ ಹುಟ್ಟುವ ಮೊದಲೇ ಸ್ಟೀಮ್ ಎಂಜಿನ್ ಇತ್ತು. ಥಾಮಸ್ ನ್ಯೂಕೊಮನ್ ಎಂಬಾತ 1712ರಲ್ಲೇ ಇಂಗ್ಲೆಂಡಿನ ಡಡ್ಲಿ ಹತ್ತಿರ ಕಲ್ಲಿದ್ದಲು ಗಣಿಯ ನೀರನ್ನು ಮೇಲೆತ್ತಲು ಉಗಿಯಂತ್ರ ನಿಲ್ಲಿಸಿದ್ದ. ವಾಟ್ ಹುಟ್ಟಿದ್ದು 1736ರ ಜನವರಿ 19ರಂದು. ಅಂದರೆ ಎಂಜಿನ್ ವಯಸ್ಸಿನಲ್ಲಿ ವಾಟ್‌ಗಿಂತ 24 ವರ್ಷ ದೊಡ್ಡದು.

ಎರಡನೆಯದು: ಕೆಟಲ್ ಮುಚ್ಚಳ ಕುಣಿಯುವುದು ಒಳಗಿನ ಉಗಿಯ ಒತ್ತಡ ಹೊರಗಿನ ಗಾಳಿಗಿಂತ ಹೆಚ್ಚಾಗುವುದರಿಂದ. ಆದರೆ ಆ ಕಾಲದ ಎಂಜಿನ್‌ಗಳು ಹಾಗೆ ಓಡುತ್ತಿರಲಿಲ್ಲ. ಒಂದು ಲೋಟ ನೀರು ಉಗಿಯಾದರೆ ಸುಮಾರು 1,700 ಲೋಟದಷ್ಟು ಜಾಗ ತುಂಬುತ್ತದೆ. ಆ ಉಗಿಯನ್ನು ತಣ್ಣಗೆ ಮಾಡಿದರೆ ಮತ್ತೆ ಒಂದೇ ಲೋಟ ನೀರಾಗಿ ಕುಗ್ಗಿ, ಉಳಿದ ಜಾಗವೆಲ್ಲ ಖಾಲಿಯಾಗುತ್ತದೆ. ಈ ಖಾಲಿ ಜಾಗವೇ ನಿರ್ವಾತ. ನ್ಯೂಕೊಮನ್ ಎಂಜಿನ್‌ನಲ್ಲಿ ಸಿಲಿಂಡರ್ ತುಂಬ ಉಗಿ ಬಿಟ್ಟು, ಒಳಗೆ ತಣ್ಣೀರು ಚಿಮ್ಮಿಸಿ ನಿರ್ವಾತ ಮಾಡುತ್ತಿದ್ದರು. ಆಗ ಹೊರಗಿನ ಗಾಳಿಯೇ ಪಿಸ್ಟನ್ನನ್ನು ಕೆಳಕ್ಕೆ ಒತ್ತುತ್ತಿತ್ತು. ಕೆಲಸ ಮಾಡುತ್ತಿದ್ದದ್ದು ಉಗಿಯ ನೂಕುಬಲ ಅಲ್ಲ, ಗಾಳಿಯ ಭಾರ.

ಹಾಗಾದರೆ ಕೆಟಲ್ ಕಥೆ ಎಲ್ಲಿಂದ ಬಂತು? ಬಾಲಕ ವಾಟ್ ಕೆಟಲ್ ಮುಂದೆ ಕೂತು ಕಾಲ ಕಳೆದದ್ದಕ್ಕೆ ಅವನ ಚಿಕ್ಕಮ್ಮ ಬೈದರು ಎಂಬ ನೆನಪನ್ನು ಸಂಬಂಧಿಯೊಬ್ಬರು 1798ರಲ್ಲಿ ಬರೆದಿಟ್ಟರು. ಆಗ ವಾಟ್‌ಗೆ 62 ವರ್ಷ, ಹೆಸರು ದೇಶವೆಲ್ಲ ಹಬ್ಬಿತ್ತು. ಪ್ರಸಿದ್ಧರಾದವರ ಬಾಲ್ಯದಲ್ಲಿ ಮುನ್ಸೂಚನೆಗಳನ್ನು ಹುಡುಕುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಆ ನೆನಪೇ ಮುಂದೆ ಜೀವನಚರಿತ್ರೆಗಳಿಗೂ ಚಿತ್ರಗಳಿಗೂ ಹೋಯಿತು.

ಆದರೆ ಕೆಟಲ್‌ಗೆ ಇನ್ನೊಂದು ನಿಜವಾದ ಪಾತ್ರವಿದೆ. ದೊಡ್ಡವನಾದ ಮೇಲೆ ವಾಟ್ ಒಂದು ಕೆಟಲ್‌ಗೆ ಕೊಳವೆ ಸಿಕ್ಕಿಸಿ, ಉಗಿಯನ್ನು ತಣ್ಣೀರಿಗೆ ಬಿಟ್ಟು ಅಳತೆ ಮಾಡಿದ. ಒಂದು ಪಾಲು ನೀರು ಉಗಿಯಾಗಿ ಬಂದರೆ ಅದು ಆರು ಪಾಲು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುತ್ತದೆ ಎಂದು ಕಂಡು ಬೆರಗಾದ. ಗೆಳೆಯ ಹಾಗೂ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕ್ ಇದಕ್ಕೆ ಕಾರಣ ವಿವರಿಸಿದ. ಅದನ್ನೇ ನಾವು ಇಂದು ಗುಪ್ತೋಷ್ಣ ಎಂದು ಪಾಠದಲ್ಲಿ ಓದುತ್ತೇವೆ. ಕೆಟಲ್ ಇತ್ತು, ಆದರೆ ಅದರ ಮುಂದೆ ಇದ್ದದ್ದು ಕನಸು ಕಾಣುವ ಹುಡುಗನಲ್ಲ, ತಕ್ಕಡಿ ಹಿಡಿದ ಕುಶಲಕರ್ಮಿ.

ಬಡ ಹುಡುಗನಲ್ಲ, ಸೂಕ್ಷ್ಮ ಕೈಯವನು

ವಾಟ್ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ರೀನಾಕ್ ಎಂಬ ಬಂದರು ಊರಿನಲ್ಲಿ. ತಂದೆ ಹಡಗಿನ ಕೆಲಸ ಮತ್ತು ವ್ಯಾಪಾರ ಮಾಡುತ್ತಿದ್ದವರು, ತಾತ ಗಣಿತ ಹೇಳಿಕೊಡುತ್ತಿದ್ದವರು. ಹುಡುಗನಿಗೆ ಆರೋಗ್ಯ ಅಷ್ಟಕ್ಕಷ್ಟೆ, ತಲೆನೋವು ಜೀವನವಿಡೀ ಬಿಡಲಿಲ್ಲ. ತಂದೆಯ ಕೆಲಸದ ಕೊಠಡಿಯಲ್ಲಿ ತನ್ನದೇ ಉಪಕರಣ ಇಟ್ಟುಕೊಂಡು ಮಾದರಿಗಳನ್ನು ಮಾಡುತ್ತಿದ್ದ.

ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ತಾಯಿ ತೀರಿಕೊಂಡಿದ್ದರು, ತಂದೆಯ ವ್ಯಾಪಾರವೂ ಇಳಿಮುಖವಾಗಿತ್ತು. ವಾಟ್ 1755ರಲ್ಲಿ ಲಂಡನ್ನಿಗೆ ಹೋಗಿ, ದಿಕ್ಸೂಚಿ, ಅಳತೆಪಟ್ಟಿ, ಕೋನಮಾಪಕಗಳಂಥ ಉಪಕರಣ ತಯಾರಿಸುವ ಕೆಲಸವನ್ನು ಒಂದು ವರ್ಷ ಕಲಿತ. 1757ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ಅವನಿಗೆ ತನ್ನ ಆವರಣದಲ್ಲೇ ಒಂದು ಕೊಠಡಿ ಕೊಟ್ಟಿತು. ಕಾಲೇಜಿನ ಉಪಕರಣಗಳನ್ನು ರಿಪೇರಿ ಮಾಡುವುದು ಅವನ ಕೆಲಸ. 1764ರಲ್ಲಿ ಸೋದರ ಸಂಬಂಧಿ ಮಾರ್ಗರೆಟ್ ಮಿಲ್ಲರ್ ಜೊತೆ ಮದುವೆಯಾಯಿತು.

ಅದಕ್ಕೆ ಸ್ವಲ್ಪ ಮೊದಲು, 1763-64ರ ಚಳಿಗಾಲದಲ್ಲಿ, ನ್ಯೂಕೊಮನ್ ಎಂಜಿನ್ನಿನ ಪುಟ್ಟ ಮಾದರಿಯೊಂದು ರಿಪೇರಿಗೆ ಅವನ ಮೇಜಿಗೆ ಬಂತು. ಸರಿ ಮಾಡಿದರೂ ಅದು ನಾಲ್ಕಾರು ಸಲ ಮೇಲೆ ಕೆಳಗೆ ಆಡಿ ನಿಂತುಬಿಡುತ್ತಿತ್ತು. ಬಾಯ್ಲರಿನ ಉಗಿ ಅದಕ್ಕೆ ಸಾಲುತ್ತಲೇ ಇರಲಿಲ್ಲ. ಏಕೆ ಎಂದು ವಾಟ್ ಹುಡುಕಿದ. ಪ್ರತಿ ಸಲವೂ ಸಿಲಿಂಡರನ್ನು ತಣ್ಣೀರಿನಿಂದ ತಣಿಸಬೇಕು, ಮತ್ತೆ ಉಗಿಯಿಂದ ಬಿಸಿ ಮಾಡಬೇಕು. ಬಂದ ಉಗಿಯ ಹೆಚ್ಚಿನ ಪಾಲು ಸಿಲಿಂಡರನ್ನು ಬಿಸಿ ಮಾಡುವುದರಲ್ಲೇ ಮುಗಿದುಹೋಗುತ್ತಿತ್ತು.

1765ರಲ್ಲಿ ಒಂದು ಭಾನುವಾರ ಗ್ಲಾಸ್ಗೋದ ಬಯಲಿನಲ್ಲಿ ನಡೆದು ಹೋಗುತ್ತಿದ್ದಾಗ ಅವನಿಗೆ ಉಪಾಯ ಹೊಳೆಯಿತು. ಉಗಿಯನ್ನು ಸಿಲಿಂಡರಿನೊಳಗೇ ಏಕೆ ತಣಿಸಬೇಕು? ಪಕ್ಕದಲ್ಲಿ ಇನ್ನೊಂದು ಖಾಲಿ ಪಾತ್ರೆ ಇಟ್ಟು, ಉಗಿಯನ್ನು ಅದಕ್ಕೆ ಎಳೆದುಕೊಂಡು ಅಲ್ಲೇ ತಣಿಸಿದರೆ ಸಿಲಿಂಡರ್ ಯಾವಾಗಲೂ ಬಿಸಿಯಾಗಿಯೇ ಇರುತ್ತದೆ. ಇದೇ ಪ್ರತ್ಯೇಕ ಕಂಡೆನ್ಸರ್. ವೈದ್ಯರು ಬಳಸುವ ಹಿತ್ತಾಳೆಯ ಸಿರಿಂಜೊಂದನ್ನು ಸಿಲಿಂಡರ್ ಮಾಡಿಕೊಂಡು ಕೆಲವೇ ದಿನಗಳಲ್ಲಿ ಮಾದರಿ ಮಾಡಿದ. ಅದು ಕೆಲಸ ಮಾಡಿತು.

ಫಾರ್ವರ್ಡ್ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ನಿಜವಾದ ಕಷ್ಟ ಶುರುವಾದದ್ದು ಇಲ್ಲಿಂದಲೇ.

ನೀರಿನ ಸೀಲ್ ಹೋಯಿತು, ಅದರ ಜಾಗಕ್ಕೆ ಏನು?

ನ್ಯೂಕೊಮನ್ ಎಂಜಿನ್ನಿನ ಸಿಲಿಂಡರ್‌ಗಳು ಒಳಗೆ ಅಂಕುಡೊಂಕಾಗಿದ್ದವು. ಆದರೂ ಅದು ಹೇಗೆ ನಡೆಯುತ್ತಿತ್ತು? ಸಿಲಿಂಡರಿನ ಮೇಲ್ಭಾಗ ತೆರೆದಿತ್ತು. ಪಿಸ್ಟನ್ ಸುತ್ತ ಚರ್ಮ ಹಾಕಿ, ಮೇಲೆ ಒಂದಿಷ್ಟು ನೀರು ನಿಲ್ಲಿಸುತ್ತಿದ್ದರು. ಸಂದಿಯಲ್ಲಿ ಗಾಳಿ ನುಗ್ಗುವ ಬದಲು ನೀರು ಇಳಿಯುತ್ತಿತ್ತು. ಸ್ವಲ್ಪ ನೀರು ಒಳಗೆ ಹೋದರೂ ಏನೂ ನಷ್ಟವಿರಲಿಲ್ಲ, ಹೇಗೂ ಒಳಗೆ ತಣ್ಣೀರು ಚಿಮ್ಮಿಸುವುದೇ ಇತ್ತಲ್ಲ.

ವಾಟ್‌ಗೆ ಈ ಸೌಲಭ್ಯ ಇಲ್ಲವಾಯಿತು. ಅವನ ಸಿಲಿಂಡರ್ ಸದಾ ಬಿಸಿಯಾಗಿರಬೇಕು. ನೀರು ಒಳಗಿಳಿದರೆ ಒಂದೆಡೆ ಸಿಲಿಂಡರ್ ತಣ್ಣಗಾಗುತ್ತದೆ, ಇನ್ನೊಂದೆಡೆ ಆ ನೀರೇ ಉಗಿಯಾಗಿ ನಿರ್ವಾತವನ್ನು ಕೆಡಿಸುತ್ತದೆ.

ಇನ್ನೊಂದು ತೊಡಕೂ ಇತ್ತು. ತೆರೆದ ಬಾಯಿಯಿಂದ ತಣ್ಣನೆಯ ಗಾಳಿ ಬಂದು ಸಿಲಿಂಡರನ್ನು ತಣಿಸುತ್ತದೆ ಎಂದು ವಾಟ್ ಮೇಲ್ಭಾಗಕ್ಕೂ ಮುಚ್ಚಳ ಹಾಕಿದ. ಗಾಳಿಯ ಬದಲು ಉಗಿಯೇ ಪಿಸ್ಟನ್ನನ್ನು ಒತ್ತುವಂತೆ ಮಾಡಿದ. ಮುಚ್ಚಳ ಹಾಕಿದರೆ ಪಿಸ್ಟನ್ನಿನ ಸರಳು ಹೊರಗೆ ಬರಲು ಒಂದು ತೂತು ಬೇಕು. ಸರಳು ಆ ತೂತಿನಲ್ಲಿ ಸಲೀಸಾಗಿ ಆಡಬೇಕು, ಆದರೆ ಉಗಿ ಸೋರಬಾರದು. ಇದಕ್ಕೆ ಅವನು ಬಳಸಿದ್ದು ಸ್ಟಫಿಂಗ್ ಬಾಕ್ಸ್. ತೂತಿನ ಸುತ್ತ ಒಂದು ಬಟ್ಟಲಿನಂಥ ಜಾಗ, ಅದರಲ್ಲಿ ಸರಳಿನ ಸುತ್ತ ಎಣ್ಣೆಕೊಬ್ಬು ಸವರಿದ ನಾರಿನ ಹಗ್ಗ, ಮೇಲಿನಿಂದ ಅದನ್ನು ಒತ್ತಿ ಹಿಡಿಯುವ ಒಂದು ಬಳೆ. ಈ ಒತ್ತುವ ಬಳೆಯನ್ನೇ ಗ್ಲ್ಯಾಂಡ್ ಎನ್ನುತ್ತಾರೆ. ಇದು ವಾಟ್‌ನ ಆವಿಷ್ಕಾರವಲ್ಲ. ನೀರಿನ ಪಂಪುಗಳಲ್ಲಿ ಅದಕ್ಕೂ ಮೊದಲೇ ಇತ್ತು. ಆದರೆ ನೀರನ್ನು ತಡೆಯುವುದು ಬೇರೆ, ಬಿಸಿ ಉಗಿಯನ್ನು ತಡೆಯುವುದು ಬೇರೆ. ಚರ್ಮ ತಣ್ಣೀರಿನಲ್ಲಿ ವರ್ಷಗಟ್ಟಲೆ ಬಾಳುತ್ತದೆ, ಉಗಿಗೆ ಸಿಕ್ಕರೆ ಸುಟ್ಟು ಮುದುಡುತ್ತದೆ.

1769ರ ಜನವರಿ 5ರಂದು ಅವನಿಗೆ ಸಿಕ್ಕ ಪೇಟೆಂಟಿನಲ್ಲಿ ಕಂಡೆನ್ಸರ್ ಜೊತೆಗೆ ಸೀಲಿನ ವಿಷಯವೂ ಬರುತ್ತದೆ. ನೀರಿನ ಬದಲು ಎಣ್ಣೆ, ಮೇಣ, ರಾಳ, ಪ್ರಾಣಿಗಳ ಕೊಬ್ಬು, ಪಾದರಸ, ಕರಗಿದ ಲೋಹಗಳನ್ನು ಬಳಸುವುದಾಗಿ ಅದರಲ್ಲಿದೆ. ಸೀಲಿನ ಚಿಂತೆ ಅವನನ್ನು ಎಷ್ಟು ಕಾಡುತ್ತಿತ್ತು ಎನ್ನಲು ಈ ಪಟ್ಟಿಯೇ ಸಾಕು.

ಹಳೆಯ ಟೋಪಿಯನ್ನೂ ತುರುಕಿ ನೋಡಿದ

ಅದೇ ವರ್ಷ ಸ್ಕಾಟ್ಲೆಂಡಿನ ಕಿನ್ನೀಲ್ ಎಂಬಲ್ಲಿ ಮೊದಲ ದೊಡ್ಡ ಎಂಜಿನ್ ನಿಂತಿತು. ಹಣ ಹಾಕಿದವನು ಜಾನ್ ರೋಬಕ್ ಎಂಬ ಉದ್ಯಮಿ. ಸಿಲಿಂಡರ್ 18 ಇಂಚು ಅಗಲ. ಒಳಮೈ ಸರಿಯಾಗಿ ದುಂಡಗಿರಲಿಲ್ಲ. ಪಿಸ್ಟನ್ ಒಂದು ಕಡೆ ಬಿಗಿಯಾದರೆ ಇನ್ನೊಂದು ಕಡೆ ಸಡಿಲ.

ವಾಟ್ ಪಿಸ್ಟನ್ ಸುತ್ತ ಬೆಂಡು ಸುತ್ತಿದ. ಎಣ್ಣೆಯಲ್ಲಿ ಅದ್ದಿದ ಚಿಂದಿ ಬಟ್ಟೆ ಸುತ್ತಿದ. ನಾರು ಸುತ್ತಿದ. ಹಳೆಯ ಟೋಪಿಗಳನ್ನೂ ಬಿಡಲಿಲ್ಲ. ಏನು ಮಾಡಿದರೂ ಉಗಿ ಹೊರಗೆ, ಗಾಳಿ ಒಳಗೆ. ಕಾಗದದ ಮೇಲೆ ಸರಿಯಾಗಿದ್ದ ಯಂತ್ರ ಕಬ್ಬಿಣದಲ್ಲಿ ಸೋಲುತ್ತಿತ್ತು. ಆ ಕಾಲದ ದೊಡ್ಡ ಎಂಜಿನಿಯರ್ ಜಾನ್ ಸ್ಮೀಟನ್ ಈ ಯಂತ್ರ ನೋಡಿ, ಇಷ್ಟು ನಿಖರವಾಗಿ ಮಾಡುವ ಉಪಕರಣವಾಗಲಿ ಕೆಲಸಗಾರರಾಗಲಿ ದೇಶದಲ್ಲಿಲ್ಲ ಎಂಬ ಅಭಿಪ್ರಾಯಕ್ಕೆ ಬಂದಿದ್ದ.

ಸೋರಿಕೆಗೆ ಬೆಲೆ ತೆತ್ತದ್ದು ಬರೀ ಎಂಜಿನ್ ಅಲ್ಲ. ವಾಟ್ ಸಾಲಗಾರನಾಗಿದ್ದ, ಸಂಸಾರ ಬೆಳೆಯುತ್ತಿತ್ತು. ಹೊಟ್ಟೆಪಾಡಿಗೆ ಕಾಲುವೆಗಳ ಸರ್ವೆ ಕೆಲಸ ಹಿಡಿದು ಮಳೆ ಚಳಿಯಲ್ಲಿ ಊರೂರು ಅಲೆದ. ಎಂಜಿನ್ ವರ್ಷಗಟ್ಟಲೆ ಮೂಲೆಗೆ ಬಿತ್ತು. 1773ರಲ್ಲಿ ರೋಬಕ್ ದಿವಾಳಿಯಾದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ವಾಟ್ ದೂರದ ಗುಡ್ಡಗಾಡಿನಲ್ಲಿ ಸರ್ವೆ ಮಾಡುತ್ತಿದ್ದಾಗ, ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಸುದ್ದಿ ತಲುಪಿ ಅವನು ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎಂಟು ವರ್ಷಗಳ ಹಿಂದೆ ಹೊಳೆದ ಉಪಾಯ ಸರಿಯಾಗಿಯೇ ಇತ್ತು. ಅದನ್ನು ನಿಲ್ಲಿಸಿದ್ದು ಬೆರಳು ತೂರುವಷ್ಟು ಸಂದಿ.

ನಾಣ್ಯದ ದಪ್ಪ, ಮತ್ತು ನಾರಿನ ಹಗ್ಗ

ರೋಬಕ್‌ನ ಪಾಲು ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ಕೈಗೆ ಬಂತು. 1774ರಲ್ಲಿ ವಾಟ್ ಅಲ್ಲಿಗೇ ಹೋದ. 1775ರಲ್ಲಿ ಬ್ರಿಟಿಷ್ ಸಂಸತ್ತು ಪೇಟೆಂಟಿನ ಅವಧಿಯನ್ನು 1800ರವರೆಗೆ ವಿಸ್ತರಿಸಿತು. ಅಷ್ಟರಲ್ಲಿ ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಉದ್ಯಮಿ ಫಿರಂಗಿ ಕೊರೆಯಲು ಹೊಸ ಯಂತ್ರ ಮಾಡಿದ್ದ. ಅದೇ ಜಾಡಿನಲ್ಲಿ ಸಿಲಿಂಡರ್ ಕೊರೆಯುವ ಯಂತ್ರವನ್ನೂ ಕಟ್ಟಿದ. ಕೊರೆಯುವ ಉಪಕರಣ ಕೂತ ದಪ್ಪ ಸರಳನ್ನು ಸಿಲಿಂಡರಿನ ಎರಡೂ ಕಡೆ ಆಧಾರ ಕೊಟ್ಟು ಹಿಡಿಯುತ್ತಿದ್ದುದರಿಂದ ಅದು ಬಾಗುತ್ತಿರಲಿಲ್ಲ. 50 ಇಂಚು ಅಗಲದ ಸಿಲಿಂಡರ್ ಕೊರೆದರೂ ಎಲ್ಲೂ ಒಂದು ಹಳೆಯ ಶಿಲಿಂಗ್ ನಾಣ್ಯದ ದಪ್ಪದಷ್ಟೂ ವ್ಯತ್ಯಾಸವಿರಲಿಲ್ಲ ಎಂದು ಬೋಲ್ಟನ್ ಸಂತೋಷದಿಂದ ತಿಳಿಸಿದ.

ಇಲ್ಲಿ ಒಂದು ಅಂಶ ಗಮನಿಸಬೇಕು. ನಾಣ್ಯದ ದಪ್ಪ ಎಂದರೆ ಒಂದು ಮಿಲಿಮೀಟರ್ ಆಸುಪಾಸು. ಉಗಿಗೆ ಅದೂ ದೊಡ್ಡ ಬಾಗಿಲೇ. ಹಾಗಾಗಿ ವಿಲ್ಕಿನ್ಸನ್ನನ ಕೊರೆತ ಪ್ಯಾಕಿಂಗನ್ನು ಅನಗತ್ಯ ಮಾಡಲಿಲ್ಲ. ಪ್ಯಾಕಿಂಗ್ ತನ್ನ ಕೆಲಸ ಮಾಡುವಷ್ಟಕ್ಕೆ ಸಂದಿಯನ್ನು ಇಳಿಸಿತು, ಅಷ್ಟೆ. ಉಳಿದದ್ದನ್ನು ತುಂಬಿದ್ದು ಹೆಂಪ್ ಎಂಬ ನಾರಿನ ಹಗ್ಗ, ನಮ್ಮ ಸೆಣಬಿನ ಹಾಗಿನದು. ಅದನ್ನು ಜಡೆಯಂತೆ ಹೆಣೆದು, ಕರಗಿಸಿದ ಪ್ರಾಣಿಕೊಬ್ಬಿನಲ್ಲಿ ನೆನೆಸಿ, ಪಿಸ್ಟನ್ ಸುತ್ತ ಸುತ್ತಿ, ಮೇಲಿನಿಂದ ಬಳೆಯಿಟ್ಟು ಬೋಲ್ಟಿನಿಂದ ಒತ್ತುತ್ತಿದ್ದರು. ಒತ್ತಿದಾಗ ನಾರು ಅಗಲಕ್ಕೆ ಉಬ್ಬಿ ಸಿಲಿಂಡರಿನ ಗೋಡೆಗೆ ಅಂಟುತ್ತಿತ್ತು. ಗೋಡೆ ಅಂಕುಡೊಂಕಿದ್ದರೂ ನಾರು ಅದಕ್ಕೆ ತಕ್ಕಂತೆ ಕುಗ್ಗಿ ಹಿಗ್ಗುತ್ತಿತ್ತು. ಕೊಬ್ಬು ಉಜ್ಜಾಟ ಕಡಿಮೆ ಮಾಡುತ್ತಿತ್ತು.

1776ರ ಮಾರ್ಚ್‌ನಲ್ಲಿ ಬ್ಲೂಮ್‌ಫೀಲ್ಡ್ ಕಲ್ಲಿದ್ದಲು ಗಣಿಯಲ್ಲಿ ಎಂಜಿನ್ ಜನರ ಮುಂದೆ ಓಡಿತು. ಉಪಾಯ ಹೊಳೆದು ಹನ್ನೊಂದು ವರ್ಷವಾಗಿತ್ತು.

ಪ್ಯಾಕಿಂಗ್ ಸವೆಯುವ ವಸ್ತು. ಅದನ್ನು ಬಿಗಿ ಮಾಡುವುದು, ಕೊಬ್ಬು ಹಾಕುವುದು, ಬದಲಾಯಿಸುವುದು ಎಂಜಿನ್ ನೋಡಿಕೊಳ್ಳುವವನ ದಿನನಿತ್ಯದ ಕೆಲಸವಾಯಿತು. ಬೋಲ್ಟನ್ ಮತ್ತು ವಾಟ್ ಕಂಪನಿ ಆರಂಭದ ವರ್ಷಗಳಲ್ಲಿ ಇಡೀ ಎಂಜಿನ್ ಮಾರುತ್ತಿರಲಿಲ್ಲ. ನಕ್ಷೆ, ವಾಲ್ವಿನಂಥ ಸೂಕ್ಷ್ಮ ಭಾಗಗಳು ಮತ್ತು ಜೋಡಿಸುವ ನುರಿತ ಆಳು ಅವರ ಕಡೆಯಿಂದ, ಉಳಿದದ್ದು ಗಣಿಯವರದು. ಹಳೆಯ ಎಂಜಿನ್‌ಗಿಂತ ಎಷ್ಟು ಕಲ್ಲಿದ್ದಲು ಉಳಿಯುತ್ತದೋ ಅದರ ಮೂರನೇ ಒಂದು ಪಾಲಿನ ಹಣ ಕಂಪನಿಗೆ ಸಲ್ಲಬೇಕಿತ್ತು. ಉಗಿ ಸೋರಿದರೆ ಕಲ್ಲಿದ್ದಲು ಉಳಿಯುವುದಿಲ್ಲ, ಕಲ್ಲಿದ್ದಲು ಉಳಿಯದಿದ್ದರೆ ಹಣ ಬರುವುದಿಲ್ಲ. ಹಾಗಾಗಿ ಸೋರಿಕೆ ತಡೆಯುವುದು ಅವರ ಆದಾಯದ ಪ್ರಶ್ನೆಯೇ ಆಗಿತ್ತು.

ಹೆಸರು, ಹಣ ಮತ್ತು ಎಚ್‌ಪಿ

1777ರಿಂದ ವಾಟ್ ಕಾರ್ನ್‌ವಾಲ್‌ನ ತಾಮ್ರ, ತವರದ ಗಣಿಗಳಲ್ಲಿ ಎಂಜಿನ್ ನಿಲ್ಲಿಸಲು ಓಡಾಡಿದ. ಅಷ್ಟರಲ್ಲಿ ಆನ್ ಮೆಕ್‌ಗ್ರೆಗರ್ ಜೊತೆ ಎರಡನೇ ಮದುವೆಯಾಗಿತ್ತು. ವಿಲಿಯಂ ಮರ್ಡಾಕ್ ಎಂಬ ಜಾಣ ಮೆಕ್ಯಾನಿಕ್ ಕಂಪನಿಗೆ ಸೇರಿದ. 1781ರಲ್ಲಿ ಚಕ್ರ ತಿರುಗಿಸುವ ಎಂಜಿನ್, 1782ರಲ್ಲಿ ಪಿಸ್ಟನ್ನಿನ ಎರಡೂ ಬದಿಗೆ ಉಗಿ ಕೊಡುವ ಎಂಜಿನ್ ಬಂದವು.

ಎರಡೂ ಬದಿಗೆ ಉಗಿ ಕೊಟ್ಟಾಗ ಹೊಸ ತೊಡಕು. ಮೊದಲಾದರೆ ಪಿಸ್ಟನ್ ಸರಪಳಿಯಿಂದ ತೊಲೆಯನ್ನು ಎಳೆದರೆ ಸಾಕಿತ್ತು. ಈಗ ನೂಕಲೂ ಬೇಕು, ಸರಪಳಿಯಿಂದ ನೂಕಲಾಗದು. ತೊಲೆಯ ತುದಿ ಕಮಾನಿನಂತೆ ಬಾಗಿ ಚಲಿಸುತ್ತದೆ, ಪಿಸ್ಟನ್ ಸರಳು ನೇರ ಚಲಿಸಬೇಕು. ಸರಳು ಒಂದಿಷ್ಟು ಓರೆಯಾದರೂ ಸ್ಟಫಿಂಗ್ ಬಾಕ್ಸಿನ ಪ್ಯಾಕಿಂಗ್ ಒಂದು ಬದಿ ಸವೆದು ಸೋರತೊಡಗುತ್ತದೆ. ಇದಕ್ಕೆ ವಾಟ್ 1784ರಲ್ಲಿ ಕೆಲವು ಸರಳುಗಳನ್ನು ಕೀಲು ಹಾಕಿ ಜೋಡಿಸಿ, ಸರಳು ಹೆಚ್ಚುಕಡಿಮೆ ನೇರವಾಗಿಯೇ ಆಡುವಂತೆ ಮಾಡಿದ. ತನ್ನ ಎಲ್ಲ ಕೆಲಸಗಳಲ್ಲಿ ಇದರ ಬಗ್ಗೆಯೇ ಹೆಚ್ಚು ಹೆಮ್ಮೆ ಎಂದು ಮುದಿ ವಯಸ್ಸಿನಲ್ಲಿ ಮಗನಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾನೆ.

ಎಂಜಿನ್ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಗಿರಾಕಿಗಳಿಗೆ ಹೇಳಲು ವಾಟ್ ಒಂದು ಲೆಕ್ಕ ಹಾಕಿದ. ಒಂದು ನಿಮಿಷದಲ್ಲಿ 33,000 ಪೌಂಡ್, ಅಂದರೆ ಸುಮಾರು 15 ಟನ್ ಭಾರವನ್ನು ಒಂದು ಅಡಿ ಎತ್ತುವುದು ಒಂದು ಕುದುರೆಶಕ್ತಿ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಎನ್ನುವಾಗ ನಾವು ಬಳಸುವ ಎಚ್‌ಪಿ ಬಂದದ್ದು ಈ ಲೆಕ್ಕದಿಂದಲೇ. 1882ರಲ್ಲಿ ಶಕ್ತಿಯ ಅಳತೆಗೆ ವಾಟ್ ಹೆಸರನ್ನೇ ಇಟ್ಟರು. ಒಂದು ಎಚ್‌ಪಿ ಎಂದರೆ ಸುಮಾರು 746 ವಾಟ್. ಪಂಪಿನ ಮೋಟಾರಿನ ತಗಡಿನಲ್ಲಿ ಎಚ್‌ಪಿ, ಕಿಲೋವಾಟ್ ಎರಡೂ ಇದ್ದರೆ ಎರಡೂ ಒಬ್ಬನ ಗುರುತುಗಳೇ.

ವಾಟ್ ಎಲ್ಲದರಲ್ಲೂ ಸರಿಯಾಗಿದ್ದ ಎಂದಲ್ಲ. ಹೆಚ್ಚು ಒತ್ತಡದ ಉಗಿ ಅಪಾಯ ಎಂದು ಕೊನೆಯವರೆಗೂ ಅದನ್ನು ವಿರೋಧಿಸಿದ. ಆಗಿನ ಬಾಯ್ಲರ್‌ಗಳ ಮಟ್ಟಿಗೆ ಭಯಕ್ಕೆ ಕಾರಣವಿತ್ತು. ಆದರೆ ಪೇಟೆಂಟನ್ನು ಬಿಗಿಯಾಗಿ ಹಿಡಿದು, ಬೇರೆಯವರ ಮೇಲೆ ಮೊಕದ್ದಮೆ ಹೂಡಿ, ಹೊಸ ಪ್ರಯೋಗಗಳಿಗೆ ಅಡ್ಡವಾದ ಎಂಬ ಟೀಕೆಯೂ ಇದೆ. 1800ರಲ್ಲಿ ಪೇಟೆಂಟ್ ಮುಗಿದ ಮೇಲೆ ರಿಚರ್ಡ್ ಟ್ರೆವಿಥಿಕ್ ಹೆಚ್ಚು ಒತ್ತಡದ ಎಂಜಿನ್ ಮಾಡಿ 1804ರಲ್ಲಿ ಹಳಿಯ ಮೇಲೆ ಓಡಿಸಿದ. ರೈಲು ಎಂಜಿನ್ನನ್ನು ವಾಟ್ ಕಂಡುಹಿಡಿದ ಎನ್ನುವ ಸಂದೇಶ ಬಂದರೆ ಅದೂ ತಪ್ಪು.

ವಾಟ್ 1800ರಲ್ಲಿ ನಿವೃತ್ತನಾದ. 1804ರಲ್ಲಿ ಮಗ ಗ್ರೆಗರಿ ಕ್ಷಯದಿಂದ ತೀರಿಕೊಂಡ. ಮನೆಯ ಅಟ್ಟದ ಕೊಠಡಿಯಲ್ಲಿ ಒಲೆ, ಲೇತು ಇಟ್ಟುಕೊಂಡು, ಶಿಲ್ಪಗಳ ನಕಲು ಕೆತ್ತುವ ಯಂತ್ರ ಮಾಡುತ್ತ ಮುದಿತನ ಕಳೆದ. 1819ರ ಆಗಸ್ಟ್ 25ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡ. ಆ ಅಟ್ಟದ ಕೊಠಡಿಯ ಸಾಮಾನುಗಳು ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿವೆ.

ನಾರಿನ ಜಾಗಕ್ಕೆ ಮುಂದೆ ಬೇರೆ ಬೇರೆ ವಸ್ತುಗಳು ಬಂದವು. 1850ರ ದಶಕದಲ್ಲಿ ಜಾನ್ ರಾಮ್ಸ್‌ಬಾಟಮ್ ಸೀಳಿದ ಲೋಹದ ಪಿಸ್ಟನ್ ರಿಂಗ್ ತಂದ. ನಿಮ್ಮ ಬೈಕಿನೊಳಗಿರುವುದು ಅದರ ಮರಿಮಕ್ಕಳು. ಆದರೆ ತಿರುಗುವ ಶಾಫ್ಟ್ ಮತ್ತು ವಾಲ್ವಿನ ಸ್ಪಿಂಡಲ್ ಸುತ್ತ ಹೆಣೆದ ಹಗ್ಗ ಸುತ್ತಿ, ಬಳೆಯಿಂದ ಒತ್ತುವ ಕ್ರಮ ಇಂದಿಗೂ ಹಾಗೆಯೇ ಇದೆ. ನಾರಿನ ಜೊತೆ ಈಗ ಗ್ರಾಫೈಟ್, ಟೆಫ್ಲಾನ್ ಸೇರಿವೆ.

ಇಂದಿಗೂ ನಂಬುವ ತಪ್ಪು: ಗ್ಲ್ಯಾಂಡ್ ಎಷ್ಟು ಬಿಗಿಯೋ ಅಷ್ಟು ಒಳ್ಳೆಯದು

ಪಂಪಿನ ಗ್ಲ್ಯಾಂಡಿನಿಂದ ನೀರು ತೊಟ್ಟಿಕ್ಕಿದರೆ ಸ್ಪ್ಯಾನರ್ ಹಿಡಿದು ಹನಿ ನಿಲ್ಲುವವರೆಗೂ ಬಿಗಿ ಮಾಡುವವರು ಬಹಳ. ಹಗ್ಗದ ಪ್ಯಾಕಿಂಗ್ ಇರುವ ಪಂಪಿನ ಮಟ್ಟಿಗೆ ಇದು ತಪ್ಪು. ಶಾಫ್ಟ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಪ್ಯಾಕಿಂಗಿಗೆ ಉಜ್ಜಿ ಬಿಸಿಯಾಗುತ್ತದೆ. ಆ ಹನಿ ನೀರೇ ಅದನ್ನು ತಣಿಸುತ್ತದೆ, ಜಾರುವಂತೆಯೂ ಮಾಡುತ್ತದೆ. ಹನಿ ನಿಂತರೆ ಪ್ಯಾಕಿಂಗ್ ಸುಟ್ಟು ಗಟ್ಟಿಯಾಗಿ ಶಾಫ್ಟನ್ನು ಕೆತ್ತತೊಡಗುತ್ತದೆ. ನೂರಿನ್ನೂರು ರೂಪಾಯಿಯ ಹಗ್ಗ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಶಾಫ್ಟ್ ಹಾಳಾಗುತ್ತದೆ. ಮೋಟಾರಿನ ಮೇಲೂ ಹೊರೆ ಬೀಳುತ್ತದೆ.

ಪ್ಯಾಕಿಂಗ್ ಬದಲಾಯಿಸುವ ಸರಿಯಾದ ಕ್ರಮ ಹೀಗಿದೆ.

1. ಮೊದಲು ಕರೆಂಟ್ ಮೇನ್ ಸ್ವಿಚ್ಚಿನಲ್ಲೇ ತೆಗೆಯಿರಿ. ವಾಲ್ವ್ ಮುಚ್ಚಿ, ಒಳಗಿನ ಒತ್ತಡ ಬಿಡಿ.

2. ಹಳೆಯ ಪ್ಯಾಕಿಂಗನ್ನು ಕೊಕ್ಕೆಯಿಂದ ತಳದವರೆಗೂ ಪೂರ್ತಿ ತೆಗೆಯಿರಿ. ಹಳೆಯದರ ಮೇಲೆ ಹೊಸದೊಂದು ಸುತ್ತು ಹಾಕಿದರೆ ಹೆಚ್ಚು ದಿನ ಬಾಳುವುದಿಲ್ಲ. ನಡುವೆ ತೂತುಗಳಿರುವ ಲೋಹದ ಬಳೆ ಸಿಕ್ಕರೆ ಅದು ಎಷ್ಟನೆಯ ಸುತ್ತಿನಲ್ಲಿತ್ತು ಎಂದು ಗುರುತಿಟ್ಟುಕೊಳ್ಳಿ. ಅದೇ ಜಾಗಕ್ಕೆ ಹೋಗಬೇಕು.

3. ಶಾಫ್ಟ್ ಮೇಲೆ ಗೀರು, ಹಳ್ಳ ಇದೆಯೇ ನೋಡಿ. ಇದ್ದರೆ ಹೊಸ ಪ್ಯಾಕಿಂಗನ್ನೂ ಅದು ಬೇಗ ತಿನ್ನುತ್ತದೆ.

4. ಹಗ್ಗದ ದಪ್ಪ ಲೆಕ್ಕ ಹಾಕಿ. ಬಾಕ್ಸಿನ ಒಳ ಅಗಲದಿಂದ ಶಾಫ್ಟಿನ ದಪ್ಪ ಕಳೆದು ಎರಡರಿಂದ ಭಾಗಿಸಿ. ಬಾಕ್ಸ್ 50 ಮಿಲಿಮೀಟರ್, ಶಾಫ್ಟ್ 30 ಆದರೆ ಹಗ್ಗ 10 ಮಿಲಿಮೀಟರ್. ದಪ್ಪ ಹಗ್ಗವನ್ನು ಸುತ್ತಿಗೆಯಿಂದ ಬಡಿದು ತೆಳ್ಳಗೆ ಮಾಡಬೇಡಿ.

5. ಉದ್ದ ಹಗ್ಗವನ್ನು ಸುರುಳಿಯಾಗಿ ಸುತ್ತಬೇಡಿ. ಸುರುಳಿಯ ದಾರಿಯಲ್ಲೇ ನೀರು ಹೊರಬರುತ್ತದೆ. ಒಂದೊಂದು ಸುತ್ತಿಗೆ ಒಂದೊಂದು ಬಳೆ ಕತ್ತರಿಸಿ. ಒಂದೊಂದನ್ನೇ ಒಳಗೆ ತಳ್ಳಿ ಕೂರಿಸಿ. ಬಳೆಗಳ ಬಾಯಿ ಒಂದರ ಮೇಲೊಂದು ಬರದಂತೆ ಕಾಲು ಸುತ್ತು ತಿರುಗಿಸಿ ಇಡಿ. ಗೋಡೆ ಕಟ್ಟುವಾಗ ಇಟ್ಟಿಗೆಯ ಸಂದಿ ತಪ್ಪಿಸುವ ಹಾಗೆ.

6. ಗ್ಲ್ಯಾಂಡಿನ ನಟ್‌ಗಳನ್ನು ಮೊದಲು ಕೈಬೆರಳಿನಿಂದಷ್ಟೇ ಬಿಗಿ ಮಾಡಿ, ಕೈಯಿಂದ ಶಾಫ್ಟ್ ತಿರುಗಿಸಿ ನೋಡಿ, ಆಮೇಲೆ ಪಂಪ್ ಚಾಲೂ ಮಾಡಿ. ಆರಂಭದಲ್ಲಿ ಧಾರಾಳವಾಗಿ ನೀರು ಬರಲಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡೂ ನಟ್‌ಗಳನ್ನು ಸಮನಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಹನಿ ಹನಿ ಬೀಳುವ ಮಟ್ಟಕ್ಕೆ ತನ್ನಿ. ಗ್ಲ್ಯಾಂಡ್ ಮುಟ್ಟಲಾಗದಷ್ಟು ಬಿಸಿಯಾದರೆ ಬಿಗಿ ಹೆಚ್ಚಾಗಿದೆ ಎಂದರ್ಥ. ತಿರುಗುವ ಶಾಫ್ಟಿನ ಹತ್ತಿರ ಪಂಚೆ, ಟವೆಲ್, ಸೆರಗು ಹೋಗದಂತೆ ಎಚ್ಚರ ಇರಲಿ.

ವಾಲ್ವಿನ ಲೆಕ್ಕ ಬೇರೆ. ಅದರ ಸ್ಪಿಂಡಲ್ ಸದಾ ತಿರುಗುವುದಿಲ್ಲ, ತಣಿಸುವ ಅಗತ್ಯವಿಲ್ಲ. ಅಲ್ಲಿ ಹನಿ ಪೂರ್ತಿ ನಿಲ್ಲಬೇಕು, ಆದರೆ ಹಿಡಿ ತಿರುಗಿಸಲು ಕಷ್ಟವಾಗುವಷ್ಟು ಬಿಗಿ ಬೇಡ. ಮೆಕ್ಯಾನಿಕಲ್ ಸೀಲ್ ಇರುವ ಪಂಪುಗಳೂ ಬೇರೆ. ಅವು ತೊಟ್ಟಿಕ್ಕಿದರೆ ಸೀಲ್ ಹೋಗಿದೆ ಎಂದೇ ಅರ್ಥ, ಅದನ್ನು ಬದಲಾಯಿಸಬೇಕು. ನಿಮ್ಮ ಪಂಪಿನಲ್ಲಿ ಯಾವುದಿದೆ ಎಂದು ಮೊದಲು ತಿಳಿದುಕೊಳ್ಳಿ. ಬಹಳ ಹಳೆಯ ಯಂತ್ರಗಳ ಪ್ಯಾಕಿಂಗಿನಲ್ಲಿ ಕಲ್ನಾರು ಇರಬಹುದು. ಅದರ ಧೂಳು ಕ್ಯಾನ್ಸರ್ ತರುವಂಥದ್ದು. ಒಣಗಿದ್ದಾಗ ಕೆರೆಯುವುದು, ಊದುವುದು ಬೇಡ. ಅನುಮಾನವಿದ್ದರೆ ತಿಳಿದವರಿಗೆ ಬಿಡಿ.

ಫಾರ್ವರ್ಡ್ ಮಾಡುವ ಮುನ್ನ

ಕೆಟಲ್ ನೋಡಿ ವಾಟ್ ಸ್ಟೀಮ್ ಎಂಜಿನ್ ಕಂಡುಹಿಡಿದ ಎಂಬುದು ತಪ್ಪು. ಎಂಜಿನ್ ಮೊದಲೇ ಇತ್ತು. ಅದು ನುಂಗುತ್ತಿದ್ದ ಕಲ್ಲಿದ್ದಲನ್ನು ಅವನು ಬಹಳ ಕಡಿಮೆ ಮಾಡಿದ.

ಒಂದೇ ಕ್ಷಣದಲ್ಲಿ ಎಲ್ಲ ಆಯಿತು ಎಂಬುದೂ ತಪ್ಪು. ಕ್ಷಣದಲ್ಲಿ ಬಂದದ್ದು ಉಪಾಯ. ಅದು ಯಂತ್ರವಾಗಲು ಹನ್ನೊಂದು ವರ್ಷ, ಒಬ್ಬನ ದಿವಾಳಿ, ಇನ್ನೊಬ್ಬನ ಹಣ, ಮತ್ತೊಬ್ಬನ ಕೊರೆಯುವ ಯಂತ್ರ, ಕೊಬ್ಬು ಸವರಿದ ನಾರಿನ ಹಗ್ಗ ಎಲ್ಲವೂ ಬೇಕಾದವು.

ಮಕ್ಕಳಿಗೆ ಕೆಟಲ್ ಕಥೆ ಹೇಳುವವರು ಹಳೆಯ ಟೋಪಿಯ ಕಥೆಯನ್ನೂ ಸೇರಿಸಿ ಹೇಳಲಿ ಎಂಬುದು ನಮ್ಮ ಕೋರಿಕೆ. ಮೊದಲ ಸಲ ಮಾಡಿದ್ದು ಸೋರಿತು ಎಂದು ಕೈಚೆಲ್ಲುವ ಮಕ್ಕಳಿಗೆ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.